ವಿದೇಶದಲ್ಲಿ ಬಾಡಿಗೆ ಕಾರು: ಐಡಿಪಿ ಬೇಕೇ, ಬೇಡವೇ?

ಓದುಗರ ಪ್ರಶ್ನೆಗೆ ಉತ್ತರ: ಪ್ರವಾಸ ವಿಭಾಗ

ಪ್ರಶ್ನೆ: ಮಗಳು, ಅಳಿಯ ಲಂಡನ್ನಿನಲ್ಲಿದ್ದಾರೆ. ಮೇ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. ಅಲ್ಲಿಂದ ಎಲ್ಲರೂ ಸೇರಿ ಇಟಲಿಗೆ ಹೋಗಿ, ಪೀಸಾದಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಒಂದು ವಾರ ಹಳ್ಳಿ ಕಡೆ ಸುತ್ತಬೇಕೆಂದಿದ್ದೇವೆ. ಅಳಿಯನೊಬ್ಬನೇ ಓಡಿಸಿದರೆ ದಣಿಯುತ್ತಾನೆ, ನಾನೂ ಸ್ವಲ್ಪ ಹೊತ್ತು ಓಡಿಸಬೇಕೆಂದು ಆಸೆ. ನನ್ನ ಲೈಸೆನ್ಸ್ ಉಡುಪಿಯದು, ಕೆಎ-20. ‘ಲೈಸೆನ್ಸ್ ಇಂಗ್ಲಿಷಿನಲ್ಲೇ ಇದೆಯಲ್ಲ, ಮತ್ತೇನೂ ಬೇಡ’ ಎನ್ನುತ್ತಾರೆ ನಮ್ಮ ಭಾವ. ಬುಕಿಂಗ್ ಕಾಗದದಲ್ಲಿ ‘ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ) ಬೇಕಾಗಬಹುದು’ ಎಂದು ಬರೆದಿದ್ದಾರೆ. ಯಾರ ಮಾತು ಕೇಳಲಿ?
– ಓದುಗಿ, ಡೊಂಬಿವಲಿ

ಉತ್ತರ: ಅಮ್ಮಾ, ನಿಮ್ಮ ಭಾವನ ಮಾತು ಲಂಡನ್ನಿಗೆ ಸರಿ, ಇಟಲಿಗೆ ಸಲ್ಲದು. ಬ್ರಿಟನ್ನಿನಲ್ಲಿ ಪ್ರವಾಸಿಗರು ತಮ್ಮ ದೇಶದ ಚಾಲ್ತಿ ಲೈಸೆನ್ಸ್ ಇಟ್ಟುಕೊಂಡು 12 ತಿಂಗಳ ತನಕ ಕಾರು ಓಡಿಸಬಹುದು, ಐಡಿಪಿ ಬೇಡ. ಇಟಲಿಯಲ್ಲಿ ಹಾಗಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನ, ನಮ್ಮಂಥ ದೇಶದ ಲೈಸೆನ್ಸ್ ಆದರೆ ಅದರ ಜೊತೆಗೆ ಐಡಿಪಿ, ಇಲ್ಲವೇ ಇಟಾಲಿಯನ್ ಭಾಷೆಯ ಅಧಿಕೃತ ಅನುವಾದ ಇರಲೇಬೇಕು. ಲೈಸೆನ್ಸ್ ಇಂಗ್ಲಿಷಿನಲ್ಲಿದೆ ಎಂದರೆ ಆ ಷರತ್ತು ತಪ್ಪುವುದಿಲ್ಲ. ಅಳಿಯನ ಬಳಿ ಬ್ರಿಟನ್ನಿನ ಫೋಟೊ ಕಾರ್ಡ್ ಲೈಸೆನ್ಸ್ ಇದ್ದರೆ ಅವರಿಗೆ ಬೇಡ. ನಿಮಗೆ ಬೇಕು.

ಮುಂಬೈಯ ಫೋರ್ಟಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟು, ವೀಸಾ ಎಂದು ಕೂತೇ ಕೂದಲು ನರೆಸಿಕೊಂಡವನು ನಾನು. ನಮ್ಮವರು ಬಂದು ಕೇಳುವುದೆಲ್ಲ ಒಂದೇ: ‘ಕೌಂಟರಿನಲ್ಲಿ ಕೇಳುತ್ತಾರಾ?’ ಕೇಳಲಿಕ್ಕೂ ಸಾಕು, ಕೇಳದೆ ಇರಲಿಕ್ಕೂ ಸಾಕು. ಜನ ತುಂಬಿದ ದಿನ ಕೌಂಟರಿನ ಹುಡುಗ ಪಾಸ್‌ಪೋರ್ಟ್, ಲೈಸೆನ್ಸ್, ಕ್ರೆಡಿಟ್ ಕಾರ್ಡ್ ಮೂರನ್ನೂ ನೋಡಿ ಕೀ ಕೊಟ್ಟು ಕಳಿಸುತ್ತಾನೆ. ‘ನಾವು ಹೋದಾಗ ಯಾರೂ ಕೇಳಲಿಲ್ಲ’ ಎಂದು ಊರಿಗೆ ಬಂದು ಹೇಳುವವರೆಲ್ಲ ಇಂಥವರೇ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹುಡುಗನ ಕೆಲಸ ಕಾರು ಬಾಡಿಗೆಗೆ ಕೊಡುವುದು. ಆ ದೇಶದಲ್ಲಿ ಓಡಿಸುವ ಹಕ್ಕು ನಿಮಗಿದೆಯೇ ಎಂದು ತೀರ್ಮಾನಿಸುವುದು ಅವನ ಕೆಲಸವಲ್ಲ.

ನಿಮ್ಮ ಲೈಸೆನ್ಸ್ ನೋಡುವವರು ಅವನ ನಂತರ ಇನ್ನಿಬ್ಬರಿದ್ದಾರೆ. ಒಬ್ಬರು ರಸ್ತೆಯ ಪೊಲೀಸರು. ಅವರು ಹಿಡಿದರೆ ದಂಡ ಕಟ್ಟಿ ಮುಗಿಸಬಹುದು. ಇನ್ನೊಬ್ಬರು ಇನ್ಶೂರೆನ್ಸ್ ಕಂಪನಿಯವರು. ಅವರು ನಿಮ್ಮ ಕಾಗದ ನೋಡುವುದು ಅಪಘಾತ ಆದ ಮೇಲೆ ಮಾತ್ರ. ಕಾರು ಯಾರಿಗೋ ತಾಗಿತು, ಆ ಮನುಷ್ಯ ಆಸ್ಪತ್ರೆ ಸೇರಿದ ಎಂದಿಟ್ಟುಕೊಳ್ಳಿ. ಆ ದೇಶದ ಕಾನೂನು ಕೇಳುವ ಕಾಗದ ಇಲ್ಲದೆ ಓಡಿಸಿದ್ದೀರಿ ಎಂದಾದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟೇ ಸಾಕು. ಆಮೇಲೆ ಆ ಕಾರಿನ ರಿಪೇರಿ, ಆ ಮನುಷ್ಯನ ಚಿಕಿತ್ಸೆ ಎಲ್ಲ ನಿಮ್ಮ ತಲೆ ಮೇಲೆ, ಅದೂ ಯುರೋ ಲೆಕ್ಕದಲ್ಲಿ. ಐಡಿಪಿಯ ಸರಕಾರಿ ಶುಲ್ಕ 1,000 ರೂಪಾಯಿ. ಅಷ್ಟನ್ನು ಉಳಿಸಲು ಹೋಗಿ ಇಷ್ಟು ದೊಡ್ಡ ಹೊರೆ ಹೊತ್ತುಕೊಳ್ಳುವುದು ಬೇಡವೆಂದು ಕೈಮುಗಿದು ಹೇಳುತ್ತೇನೆ.

ಇನ್ನು ಐಡಿಪಿ ಎಂಬ ಆ ಪುಸ್ತಕದ ವಿಷಯ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ನಮ್ಮ ಸರಕಾರ ಕೊಡುವ ಸಣ್ಣ ಪುಸ್ತಕ ಅದು. ನಿಮ್ಮ ಲೈಸೆನ್ಸಿನಲ್ಲಿರುವುದನ್ನೇ ಹಲವು ಭಾಷೆಗಳಲ್ಲಿ ಹೇಳುತ್ತದೆ. ಕೊನೆಯ ಎದುರುಬದುರು ಪುಟಗಳು ಫ್ರೆಂಚಿನಲ್ಲಿರುತ್ತವೆ. ಅಲ್ಲೇ ನಿಮ್ಮ ಹೆಸರು, ಫೋಟೊ, ಮತ್ತು ಎ-ಯಿಂದ ಇ-ವರೆಗೆ ಐದು ಸಾಲು. ಎ ಎಂದರೆ ಮೋಟರ್ ಸೈಕಲ್. ಬಿ ಎಂದರೆ ಕಾರು. ಉಳಿದವು ಲಾರಿ, ಬಸ್ಸು, ಟ್ರೇಲರ್‌ಗಳಿಗೆ. ನಿಮಗೆ ಯಾವುದಕ್ಕೆ ಅಧಿಕಾರವಿದೆಯೋ ಆ ಸಾಲಿನ ಎದುರು ಕಚೇರಿಯ ಮೊಹರು ಬೀಳಬೇಕು. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತೇನೆಂದರೆ, ಅಂಧೇರಿಯಲ್ಲಿ ಹೋಟೆಲು ನಡೆಸುವ ಮೀರಾರೋಡಿನ ಒಂದು ಕುಟುಂಬ ನಮ್ಮ ಆಫೀಸಿನಿಂದಲೇ ರೋಮಿಗೆ ಹೋಗಿತ್ತು. ಐಡಿಪಿ ಅವರೇ ಮಾಡಿಸಿಕೊಂಡಿದ್ದರು. ಕೌಂಟರಿನ ಹುಡುಗಿ ಪುಸ್ತಕ ತೆಗೆದುಕೊಂಡಳು, ಮುಂದಿನ ಪುಟಗಳನ್ನು ನೋಡಲೇ ಇಲ್ಲ, ಹಿಂದಿನಿಂದ ಬಿಡಿಸಿ ಆ ಐದು ಸಾಲಿನ ಮೇಲೆ ಬೆರಳಾಡಿಸಿದಳು. ಫೋಟೊದ ಮೇಲೆ ಮೊಹರು ಇತ್ತು, ಸಹಿ ಇತ್ತು. ಬಿ ಸಾಲಿನ ಎದುರು ಖಾಲಿ. ಪುಸ್ತಕ ಮಡಚಿ ವಾಪಸ್ ಕೊಟ್ಟಳಂತೆ. ಯಜಮಾನರು ಎಷ್ಟು ಹೇಳಿದರೂ ಕಾರು ಸಿಗಲಿಲ್ಲ. ಮುದುಕಿ ತಾಯಿಯನ್ನೂ ಕರೆದುಕೊಂಡು, ಸೂಟ್‌ಕೇಸು ಎಳೆದುಕೊಂಡು ರೈಲಿನಲ್ಲೇ ತಿರುಗಿದರು. ಆ ರಾತ್ರಿ ಅವರು ಫೋನಿನಲ್ಲಿ ಮಾತಾಡಿದ ದನಿ ನನಗೆ ಇನ್ನೂ ನೆನಪಿದೆ. ಮೊಹರು ಹಾಕಲು ಮರೆತದ್ದು ಇಲ್ಲಿನ ಒಂದು ಕಚೇರಿಯ ಗುಮಾಸ್ತರು, ಕಷ್ಟಪಟ್ಟದ್ದು ಎಪ್ಪತ್ತು ದಾಟಿದ ಆ ತಾಯಿ. ಹಾಗಾಗಿ ಐಡಿಪಿ ಕೊಡುವ ಆರ್‌ಟಿಒ ಕಿಟಕಿಯ ಹತ್ತಿರ ನಿಂತಿರುವಾಗಲೇ ಕೊನೆಯ ಪುಟ ತೆಗೆದು ನೋಡಿ. ಹಿಂದೆ ಕ್ಯೂ ಇದ್ದರೂ ಇರಲಿ. ಹೆಸರಿನ ಅಕ್ಷರ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆಯೇ, ಲೈಸೆನ್ಸ್ ನಂಬರ್ ಸರಿಯೇ, ಬಿ ಎದುರು ಮೊಹರಿದೆಯೇ, ಈ ಮೂರನ್ನು ನೋಡದೆ ಅಲ್ಲಿಂದ ಹೊರಡಬೇಡಿ.

ಮೊದಲೆಲ್ಲ ಒಂದೊಂದು ರಾಜ್ಯದ ಪುಸ್ತಕ ಒಂದೊಂದು ಅಳತೆ, ಒಂದೊಂದು ಬಣ್ಣ ಇರುತ್ತಿತ್ತು. ಹೊರದೇಶದವರು ಇದು ಅಸಲಿಯೋ ನಕಲಿಯೋ ಎಂದು ಅನುಮಾನಪಡುತ್ತಿದ್ದರು. 2022ರ ಆಗಸ್ಟ್ 26ರ ಅಧಿಸೂಚನೆಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ನಮೂನೆ ತಂದಿತು, ಲೈಸೆನ್ಸಿಗೆ ಜೋಡಿಸುವ ಕ್ಯೂಆರ್ ಕೋಡ್ ಕೂಡ ಬಂತು. ಒಳ್ಳೆಯ ಕೆಲಸ, ಬಹಳ ತಡವಾಗಿ ಆಯಿತು.

ಮಾಡಿಸುವುದು ಹೇಗೆ ಎಂದರೆ, ಸರಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲಿನಲ್ಲಿ ರಾಜ್ಯ ಆರಿಸಿ, ಡ್ರೈವಿಂಗ್ ಲೈಸೆನ್ಸ್ ಸೇವೆಗಳೊಳಗೆ ಐಡಿಪಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. ಅರ್ಜಿಯ ಹೆಸರು ಫಾರ್ಮ್ 4ಎ. ಪಾಸ್‌ಪೋರ್ಟ್, ಲೈಸೆನ್ಸ್, ಫೋಟೊ ಬೇಕು. ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರದ ಷರತ್ತನ್ನು 2021ರ ಜನವರಿಯಲ್ಲೇ ತೆಗೆದುಹಾಕಿದ್ದಾರೆ. ಆದರೂ ವೀಸಾ, ಟಿಕೆಟಿನ ಒಂದೊಂದು ಝೆರಾಕ್ಸ್ ಚೀಲದಲ್ಲಿರಲಿ, ಕಿಟಕಿಯಲ್ಲಿ ಕೇಳಿದರೆ ವಾದ ಮಾಡುತ್ತ ನಿಲ್ಲುವುದಕ್ಕಿಂತ ತೋರಿಸಿ ಮುಗಿಸುವುದು ಲೇಸು. ಗೇಟಿನಲ್ಲಿ ನಿಂತ ಏಜೆಂಟರ ಹಿಂದೆ ಹೋಗುವ ಅಗತ್ಯ ಖಂಡಿತ ಇಲ್ಲ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಮಕ್ಕಳಿದ್ದರೆ ಅವರೇ ಅರ್ಜಿ ತುಂಬಿಸಿಕೊಡುತ್ತಾರೆ.

ನಿಮ್ಮ ವಿಷಯದಲ್ಲಿ ತೊಡಕು ಬರಬಹುದಾದದ್ದು ಆ ಕೆಎ-20. ಲೈಸೆನ್ಸ್ ದೇಶದಲ್ಲೆಲ್ಲ ನಡೆಯುತ್ತದೆ, ಅದು ಬೇರೆ ಮಾತು. ಐಡಿಪಿ ಕೊಡುವುದು ನೀವು ವಾಸವಿರುವ ಜಾಗದ ಆರ್‌ಟಿಒ. ನಿಮ್ಮ ಲೈಸೆನ್ಸಿನ ವಿಳಾಸ ಉಡುಪಿ, ವಾಸ ಡೊಂಬಿವಲಿ. ಹೀಗಿದ್ದಾಗ ಎರಡು ದಾರಿ. ಡೊಂಬಿವಲಿಯ ಆಧಾರ್ ಅಥವಾ ಪಾಸ್‌ಪೋರ್ಟ್ ವಿಳಾಸ ಇದ್ದರೆ, ಮೊದಲು ಲೈಸೆನ್ಸಿನ ವಿಳಾಸ ಬದಲಿಸಿಕೊಂಡು ಕಲ್ಯಾಣ ಆರ್‌ಟಿಒದಿಂದ ಐಡಿಪಿ ತೆಗೆದುಕೊಳ್ಳಿ. ಆಧಾರ್, ಪಾಸ್‌ಪೋರ್ಟ್ ಎಲ್ಲ ಇನ್ನೂ ಊರಿನ ವಿಳಾಸದಲ್ಲೇ ಇದ್ದರೆ, ಊರಿಗೆ ಹೋದಾಗ ಉಡುಪಿಯಲ್ಲೇ ಮಾಡಿಸಿಕೊಂಡು ಬನ್ನಿ. ನಮ್ಮವರಲ್ಲಿ ಬಹಳ ಜನ ಈ ಎರಡನೆಯದನ್ನೇ ಮಾಡುತ್ತಾರೆ, ಹೇಗೂ ನೇಮಕ್ಕೋ ಮದುವೆಗೋ ಊರಿಗೆ ಹೋಗುವುದು ಇದ್ದೇ ಇರುತ್ತದೆ.

ಇನ್ನೊಂದು. ನಿಮ್ಮದು ಹಳೆಯ ಕೈಬರಹದ ಪುಸ್ತಕದ ಲೈಸೆನ್ಸ್ ಆಗಿದ್ದು, ಇನ್ನೂ ಕಾರ್ಡಿಗೆ ಬದಲಾಗಿರದಿದ್ದರೆ, ಅದು ಸಾರಥಿಯಲ್ಲಿ ಕಾಣಿಸದೆ ಇರಬಹುದು. ಆಗ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲೇ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಇದು ಮೇ ತಿಂಗಳ ಪ್ರವಾಸಕ್ಕೆ ಏಪ್ರಿಲ್ ಕೊನೆಯಲ್ಲಿ ಗೊತ್ತಾಗುವ ವಿಷಯವಾಗಬಾರದು. ಇವತ್ತೇ ಪೋರ್ಟಲಿನಲ್ಲಿ ನಿಮ್ಮ ನಂಬರ್ ಹಾಕಿ ನೋಡಿ. ಐಡಿಪಿಯ ಅವಧಿ ಕೊಟ್ಟ ದಿನದಿಂದ ಒಂದು ವರ್ಷ. ಅಷ್ಟರೊಳಗೆ ಲೈಸೆನ್ಸೇ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗಿಯಿತು. ಮತ್ತೆ, ಐಡಿಪಿ ಒಂದನ್ನೇ ಹಿಡಿದುಕೊಂಡು ಹೋದರೆ ಅದಕ್ಕೆ ಬೆಲೆಯಿಲ್ಲ. ಮೂಲ ಲೈಸೆನ್ಸ್ ಕಾರ್ಡ್ ಜೊತೆಗಿರಬೇಕು. ಡಿಜಿಲಾಕರಿನಲ್ಲಿದೆ ಎಂದು ಫೋನು ತೋರಿಸಿದರೆ ಇಲ್ಲಿನ ಟ್ರಾಫಿಕ್ ಹವಾಲ್ದಾರ ಒಪ್ಪುತ್ತಾನೆ, ಪೀಸಾದಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ.

ಕೌಂಟರಿನಲ್ಲಿ ಮರೆಯಬಾರದ ಒಂದು ಕೆಲಸ: ನಿಮ್ಮ ಹೆಸರನ್ನು ಎರಡನೆಯ ಚಾಲಕಿ ಎಂದು ಕರಾರಿನಲ್ಲಿ ಬರೆಸಿ. ಸ್ವಲ್ಪ ಹೆಚ್ಚು ಹಣ ಕೇಳಬಹುದು, ಕೊಡಿ. ಕರಾರಿನಲ್ಲಿ ಹೆಸರಿಲ್ಲದವರು ಸ್ಟೇರಿಂಗ್ ಹಿಡಿದರೆ ಐಡಿಪಿ ಇದ್ದೂ ಇನ್ಶೂರೆನ್ಸ್ ಸಿಗುವುದಿಲ್ಲ. ಠೇವಣಿಗಾಗಿ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ವಿದೇಶಿ ಹಣ ತುಂಬಿಸಿಕೊಂಡು ಹೋಗುವ ನಮ್ಮ ಫಾರೆಕ್ಸ್ ಕಾರ್ಡ್ ಇದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಗಾಜು, ಟಯರು, ಕಾರಿನ ತಳಭಾಗ ಇನ್ಶೂರೆನ್ಸಿನಲ್ಲಿ ಸೇರಿದೆಯೇ ಎಂದು ಓದಿ ನೋಡಿ, ಎಷ್ಟೋ ಸಲ ಸೇರಿರುವುದಿಲ್ಲ. ಪೀಸಾ, ಲುಕ್ಕಾ, ಸಿಯೆನಾ, ಫ್ಲಾರೆನ್ಸ್‌ಗಳ ಹಳೆಯ ಪೇಟೆಯೊಳಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ವಲಯಗಳಿವೆ. ಗೇಟು ಇರುವುದಿಲ್ಲ, ಕ್ಯಾಮೆರಾ ಮಾತ್ರ ಇರುತ್ತದೆ. ನೀವು ಡೊಂಬಿವಲಿಗೆ ಬಂದು ತಿಂಗಳುಗಳಾದ ಮೇಲೆ ದಂಡದ ಕಾಗದ ಬರುತ್ತದೆ, ನಿಮ್ಮ ವಿಳಾಸವನ್ನು ಅಲ್ಲಿನ ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಹಿಡಿಯುತ್ತದೆ. ಊರ ಹೊರಗೆ ಪಾರ್ಕಿಂಗಿನಲ್ಲಿ ನಿಲ್ಲಿಸಿ ನಡೆದು ಹೋಗಿ. ಅಲ್ಲಿ ಗಾಡಿ ಬಲಗಡೆ ಓಡುತ್ತದೆ, ಹಾಗಾಗಿ ನಿಮ್ಮ ಸರದಿಯನ್ನು ಪೇಟೆ ಬಿಟ್ಟ ಮೇಲೆ, ವಾಹನ ಕಡಿಮೆ ಇರುವ ಹಳ್ಳಿ ರಸ್ತೆಯಲ್ಲಿ ಶುರುಮಾಡಿ. ನಿಮ್ಮ ವಯಸ್ಸಿನಲ್ಲಿ ಅಳಿಯನ ದಣಿವು ಹಂಚಿಕೊಳ್ಳಬೇಕೆಂದು ಹೊರಟಿರುವುದು ನನಗೆ ಬಹಳ ಹಿಡಿಸಿತು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಒಂದು ಜಾಹೀರಾತು ಬಂದಿದೆ. ಮೂರು ವರ್ಷದ ‘ಇಂಟರ್‌ನ್ಯಾಷನಲ್ ಲೈಸೆನ್ಸ್’, ಮನೆಯಲ್ಲೇ ಕೂತು ಎರಡು ಗಂಟೆಯಲ್ಲಿ ಸಿಗುತ್ತದಂತೆ, ಡಾಲರಿನಲ್ಲಿ ಕಟ್ಟಬೇಕು. ನಾನು ಮಗನ ಜೊತೆ ಕ್ಯಾಲಿಫೋರ್ನಿಯಾಕ್ಕೆ, ಆಮೇಲೆ ಜಪಾನಿಗೆ ಹೋಗುವವನು. ತೆಗೆದುಕೊಳ್ಳಲೇ?
– ಓದುಗರು, ಮಾಟುಂಗಾ

ಉತ್ತರ: ದಯವಿಟ್ಟು ತೆಗೆದುಕೊಳ್ಳಬೇಡಿ. ಭಾರತೀಯ ಲೈಸೆನ್ಸ್ ಇದ್ದವರಿಗೆ ಐಡಿಪಿ ಕೊಡುವ ಅಧಿಕಾರ ಇರುವುದು ನಮ್ಮ ಆರ್‌ಟಿಒಗೆ, ಅವಧಿ ಒಂದೇ ವರ್ಷ. ಮೂರು ವರ್ಷದ ಪುಸ್ತಕ ಕೊಡುವ ದೇಶಗಳು ಇವೆ, ಆದರೆ ಅವು 1968ರ ವಿಯೆನ್ನಾ ಒಪ್ಪಂದದ ಪ್ರಕಾರ ಕೊಡುತ್ತವೆ, ಅದೂ ತಮ್ಮ ದೇಶದ ಲೈಸೆನ್ಸ್ ಇದ್ದವರಿಗೆ. ಈ ಜಾಹೀರಾತಿನವರು ಮಾರುವುದು ಬರೀ ಅನುವಾದದ ಕಾಗದ, ಬಣ್ಣದ ಕಾರ್ಡು. ಅದನ್ನು ಐಡಿಪಿ ಎಂದು ತೋರಿಸಿದರೆ ನಿಮಗೇ ತೊಂದರೆ.

ಜಪಾನಿನಲ್ಲಿ ಈ ವಿಷಯ ಬಹಳ ಕಟ್ಟುನಿಟ್ಟು. ಅವರು ಒಪ್ಪುವುದು 1949ರ ಒಪ್ಪಂದದ ಐಡಿಪಿಯನ್ನು ಮಾತ್ರ. ಜರ್ಮನಿಯವರು, ಫ್ರಾನ್ಸಿನವರು ತಮ್ಮ ಐಡಿಪಿ ಹಿಡಿದು ಹೋದರೂ ನಡೆಯುವುದಿಲ್ಲ, ಲೈಸೆನ್ಸಿಗೆ ಜಪಾನಿ ಅನುವಾದ ಮಾಡಿಸಬೇಕು. ನಮ್ಮದು 1949ರದೇ, ಹಾಗಾಗಿ ನಮ್ಮ ಆರ್‌ಟಿಒ ಪುಸ್ತಕ ಅಲ್ಲಿ ಸಲೀಸಾಗಿ ನಡೆಯುತ್ತದೆ. ಈ ಒಂದು ವಿಷಯದಲ್ಲಿ ನಮ್ಮವರಿಗೆ ಅನುಕೂಲ ಹೆಚ್ಚು, ಅದನ್ನು ಬಿಟ್ಟು ಯಾರೋ ಮುದ್ರಿಸಿದ ಕಾರ್ಡಿಗೆ ಡಾಲರ್ ಸುರಿಯುವುದೇಕೆ?

ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗೆ ಚಾಲ್ತಿಯಲ್ಲಿರುವ ನಮ್ಮ ಲೈಸೆನ್ಸೇ ಸಾಕು. ಐಡಿಪಿಯನ್ನು ಅಲ್ಲಿನವರು ಲೈಸೆನ್ಸ್ ಎಂದು ಪರಿಗಣಿಸುವುದೇ ಇಲ್ಲ. ಆದರೆ ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. 2013ರ ಜನವರಿಯಿಂದ ಫ್ಲೋರಿಡಾ ವಿದೇಶಿ ಪ್ರವಾಸಿಗರಿಗೆಲ್ಲ ಐಡಿಪಿ ಕಡ್ಡಾಯ ಮಾಡಿತ್ತು, ಅದು ಜಿನೀವಾ ಒಪ್ಪಂದಕ್ಕೇ ವಿರುದ್ಧವಾಗುತ್ತದೆಂದು ಕೆಲವೇ ತಿಂಗಳಲ್ಲಿ ಹಿಂದೆಗೆದುಕೊಂಡಿತು. ಹೊರಡುವ ಮುಂಚೆ ನೀವು ಹೋಗುವ ರಾಜ್ಯದ ಮೋಟರು ವಾಹನ ಇಲಾಖೆಯ ನಿಯಮ ನೋಡಿಕೊಳ್ಳಿ. ಹೇಗೂ ಜಪಾನಿಗಾಗಿ ಐಡಿಪಿ ಮಾಡಿಸುತ್ತೀರಲ್ಲ, ಅದೇ ಅಮೆರಿಕದಲ್ಲೂ ಚೀಲದಲ್ಲಿರಲಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಫುಕೆಟ್‌ಗೆ ಹೋಗುತ್ತಿದ್ದೇವೆ. ನನ್ನಲ್ಲಿ ಕಾರಿನ ಲೈಸೆನ್ಸ್ ಇದೆ, ಐಡಿಪಿ ಮಾಡಿಸಿದ್ದೇನೆ. ಅಲ್ಲಿ ಸ್ಕೂಟರ್ ಬಾಡಿಗೆಗೆ ಸಿಗುತ್ತದಂತೆ. ಓಡಿಸಬಹುದಲ್ಲ?
– ಓದುಗರು, ಪಿಂಪ್ರಿ

ಉತ್ತರ: ಬೇಡ. ನಿಮ್ಮ ಐಡಿಪಿಯಲ್ಲಿ ಬಿ ಎದುರು ಮೊಹರಿದೆ, ಎ ಎದುರು ಇಲ್ಲ. ಕಾರಿನ ಲೈಸೆನ್ಸ್ ಮಾತ್ರ ಇರುವವರು ಇಲ್ಲೇ ಪುಣೆ ರಸ್ತೆಯಲ್ಲಿ ಸ್ಕೂಟರ್ ಓಡಿಸುವಂತಿಲ್ಲ, ಅಲ್ಲಿ ಹೇಗೆ ಆಗುತ್ತದೆ? ಅಂಗಡಿಯವನು ಕೊಡುತ್ತಾನೆ, ಅದರಲ್ಲಿ ಸಂಶಯವಿಲ್ಲ. ಪಾಸ್‌ಪೋರ್ಟ್ ಒತ್ತೆ ಇಟ್ಟುಕೊಂಡು ಕೊಡುತ್ತೇನೆ ಎನ್ನುವವರೂ ಇದ್ದಾರೆ. ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಯಾರ ಕೈಗೂ ಕೊಡಬೇಡಿ.

ಫುಕೆಟ್‌ನ ಪಾತಾಂಗ್ ಕಡಲತೀರಕ್ಕೆ ಹೋಗುವ ಗುಡ್ಡದ ದಾರಿ ಕಡಿದಾದ ಇಳಿಜಾರು, ತಿರುವುಗಳು ಬಿಗಿ. ಮಳೆ ಬಂದರೆ ಸ್ಕೂಟರ್ ಜಾರುವುದು ಸುಲಭ. ಟ್ರಾವೆಲ್ ಇನ್ಶೂರೆನ್ಸ್ ಇದೆ ಎಂದು ನೀವು ಧೈರ್ಯವಾಗಿರಬಹುದು. ಪಾಲಿಸಿಯ ಷರತ್ತು ಓದಿ: ಆ ವಾಹನಕ್ಕೆ ಸರಿಯಾದ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಆಸ್ಪತ್ರೆ ಖರ್ಚು ಸಿಗುವುದಿಲ್ಲ ಎಂದು ಬರೆದಿರುತ್ತದೆ. ಮಗ ಆಸ್ಪತ್ರೆಯಲ್ಲಿ, ಬಿಲ್ಲು ಕಟ್ಟದೆ ಬಿಡುಗಡೆ ಇಲ್ಲ ಎಂಬ ಫೋನು ಬಂದಾಗ ಹಣ ಹೊಂದಿಸಲು ಓಡುವ ತಂದೆ ತಾಯಿಯರನ್ನು ನಾನು ಆಫೀಸಿನಲ್ಲಿ ಎದುರು ಕೂರಿಸಿಕೊಂಡವನು. ನಿಮ್ಮ ಮನೆಯವರಿಗೆ ಅದು ಬರಬಾರದು.

ಪ್ರವಾಸಕ್ಕೆ ಇನ್ನೂ ಸಮಯವಿದ್ದರೆ ಪಿಂಪ್ರಿ ಚಿಂಚ್‌ವಾಡದ ಆರ್‌ಟಿಒದಲ್ಲಿ ದ್ವಿಚಕ್ರ ವಾಹನದ ಲರ್ನರ್ ತೆಗೆದುಕೊಳ್ಳಿ. 30 ದಿನ ಆದ ಮೇಲೆ ಪರೀಕ್ಷೆ ಕೊಟ್ಟು ಲೈಸೆನ್ಸಿನಲ್ಲಿ ಸೇರಿಸಿಕೊಳ್ಳಿ, ಆಮೇಲೆ ಎ ಮೊಹರಿರುವ ಹೊಸ ಐಡಿಪಿ ಮಾಡಿಸಿ. ಸಮಯ ಇಲ್ಲವಾದರೆ ನಾಲ್ವರೂ ಸೇರಿ ಕಾರು ತೆಗೆದುಕೊಳ್ಳಿ. ಥಾಯ್ಲೆಂಡಿನಲ್ಲಿ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ನಿಮ್ಮ ಈಗಿನ ಐಡಿಪಿ ಕಾರಿಗೆ ನಡೆಯುತ್ತದೆ.

ಪ್ರಶ್ನೆ: ಮಗ ದುಬೈಗೆ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುತ್ತಾನೆ. ಐಡಿಪಿ ಇದ್ದರೆ ಕೆಲಸ ಸಿಕ್ಕಿದ ಮೇಲೂ ಕಾರು ಓಡಿಸಬಹುದೇ?
– ಓದುಗರು, ಮಡಗಾಂವ್

ಉತ್ತರ: ವಿಸಿಟ್ ವೀಸಾದಲ್ಲಿರುವಷ್ಟು ದಿನ ಐಡಿಪಿ ಮತ್ತು ಮೂಲ ಲೈಸೆನ್ಸ್ ಎರಡೂ ಇಟ್ಟುಕೊಂಡು ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಬಿದ್ದ ದಿನದಿಂದ ಅದು ನಡೆಯುವುದಿಲ್ಲ, ಪುಸ್ತಕದಲ್ಲಿ ಇನ್ನೂ ಎಂಟು ತಿಂಗಳು ಬಾಕಿ ಇದ್ದರೂ ಸರಿ. ಆಗ ಅಲ್ಲಿನ ಲೈಸೆನ್ಸ್ ಬೇಕು, ಅದಕ್ಕೆ ತರಬೇತಿ ಮತ್ತು ಪರೀಕ್ಷೆ ಇದೆ, ಖರ್ಚೂ ಇದೆ. ವೀಸಾ ಬದಲಾಗುವ ವಾರ ಗೆಳೆಯನ ಕಾರಿನ ಕೀ ಕೈಗೆ ಬಂದರೂ ಸ್ಟೇರಿಂಗ್ ಮುಟ್ಟಬೇಡ ಎಂದು ಮಗನಿಗೆ ಈಗಲೇ ಹೇಳಿಬಿಡಿ. ಊರಿನ ಲೈಸೆನ್ಸ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಲಿ, ಅಲ್ಲಿನ ಡ್ರೈವಿಂಗ್ ಸ್ಕೂಲಿಗೆ ಸೇರುವಾಗ ಅನುಭವದ ದಾಖಲೆ ಎಂದು ಅದನ್ನು ತೋರಿಸಬಹುದು.